ಅಮ್ಮನ ಫೋನ್ ಇನ್ನು ಕೊಡಲ್ಲ ಕಣೇ

‘ಮೇಡಂ, ನಾನು ಫಸ್ಟ್ ಪಿಯುಸಿ. ನನ್ನ ಬೆಸ್ಟ್ ಫ್ರೆಂಡ್‌ಗೆ ಒಬ್ಬ ಹುಡುಗ ಅಂದ್ರೆ ತುಂಬಾ ಇಷ್ಟ. ಅವಳ ಮನೆಯಲ್ಲಿ ಫೋನ್ ಕೊಡಲ್ಲ. ದಿನಾ ಸಂಜೆ ಓದೋಕೆ ಅಂತ ನಮ್ಮನೆಗೆ ಬಂದು, ನಮ್ಮ ಫೋನಿಂದ ಅವನಿಗೆ ಮೆಸೇಜ್ ಮಾಡ್ತಾಳೆ. ನನಗೆ ಓದೋಕಾಗ್ತಿಲ್ಲ. ಬೇಡ ಅಂದ್ರೆ ಮಾತು ಬಿಡ್ತಾಳೇನೋ ಅಂತ ಭಯ.’

ಪುಟ್ಟಿ, ನಿನ್ನ ಪತ್ರವನ್ನು ಮೂರು ಸಲ ಓದಿದೆ. ಓದು ಹಾಳಾಗುತ್ತಿದೆ ಎಂದು ಒಂದು ಪುಟ ತುಂಬಿಸಿದ್ದೀಯ. ಕೊನೆಯಲ್ಲಿ ಸುಮ್ನೆ ಒಂದು ಸಾಲು: ‘ಫೋನ್ ಅಮ್ಮನದು, ಅವರು ನೋಡೋ ಮೊದಲೇ ನಾನು ಎಲ್ಲ ಡಿಲೀಟ್ ಮಾಡಿಬಿಡ್ತೀನಿ.’

ನನ್ನ ಎದೆ ಧಸಕ್ಕೆಂದದ್ದು ಅಲ್ಲಿ. ಪ್ರೀತಿ ಅವಳದು, ದಿನಾ ಅಮ್ಮನಿಂದ ಬಚ್ಚಿಡುವ ಕೆಲಸ ನಿನ್ನದು. ಅದೂ ಪೂರ್ತಿ ಬಚ್ಚಿಡಲು ಆಗುತ್ತಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ‘ಡಿಲೀಟ್ ಫಾರ್ ಮಿ’ ಒತ್ತಿದರೆ ಹೋಗುವುದು ನಿಮ್ಮ ಫೋನಿಂದ ಮಾತ್ರ. ಅವನ ಫೋನಿನಲ್ಲಿ ಎಲ್ಲವೂ ಹಾಗೇ ಇರುತ್ತದೆ, ನಿಮ್ಮಮ್ಮನ ನಂಬರಿನ ಜೊತೆ. ನಾಳೆ ಅವನು ಸ್ಕ್ರೀನ್‌ಶಾಟ್ ತೆಗೆದು ಯಾರಿಗೋ ತೋರಿಸಿದರೆ? ರಾತ್ರಿ ಹನ್ನೊಂದಕ್ಕೆ ಅವನ ಉತ್ತರ ಬಂದಾಗ ಫೋನ್ ಯಾರ ಕೈಯಲ್ಲಿರುತ್ತದೆ?

ಗೆಳತಿಯ ಮೇಲೆ ನನಗೆ ಸಿಟ್ಟಿಲ್ಲ. ಆ ವಯಸ್ಸಿನಲ್ಲಿ ಒಬ್ಬರು ಇಷ್ಟವಾದರೆ ಬೇರೆ ಏನೂ ಕಣ್ಣಿಗೆ ಬೀಳುವುದಿಲ್ಲ. ಸಿಟ್ಟು ಬಂದದ್ದು ಆ ಹುಡುಗನ ಮೇಲೆ. ಡಿಗ್ರಿ ಕೊನೆಯ ವರ್ಷ ಅಂತ ಬರೆದಿದ್ದೀಯ. ‘ಫ್ರೆಂಡ್ ಫೋನಿಂದ ಮಾಡು’ ಅಂತ ಹೇಳಿಕೊಟ್ಟವನೂ ಅವನೇ ಅಲ್ವಾ? ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳು. ಇದು ಅವನಿಗೆ ಗೊತ್ತಿರಬೇಕಾದ ವಯಸ್ಸು. ಅವನು ಫೋಟೋ ಕೇಳಿದರೆ, ಹೆದರಿಸಿದರೆ, ಅವತ್ತೇ ಅಮ್ಮನಿಗೆ ಹೇಳು. ಬಾಯಿ ಬರದಿದ್ದರೆ 1098ಕ್ಕೆ ಫೋನ್ ಮಾಡು, ಅದು ಮಕ್ಕಳಿಗೆಂದೇ ಇರುವ ಸಹಾಯವಾಣಿ, ದುಡ್ಡು ಕೊಡಬೇಕಿಲ್ಲ.

ಈಗ ಒಂದೇ ಕೆಲಸ. ನಾಳೆ ಬೆಳಿಗ್ಗೆ ಕಾಲೇಜಿನ ದಾರಿಯಲ್ಲೇ, ಸಂಜೆ ಅವಳು ಮನೆಗೆ ಬರುವ ಮೊದಲು ಹೇಳಿಬಿಡು: ‘ಅಮ್ಮನ ಫೋನ್ ಇನ್ನು ಕೊಡಲ್ಲ ಕಣೇ. ಓದೋಕೆ ಬಾ.’ ಅಷ್ಟೇ. ಕಾರಣ ಹೇಳಬೇಡ. ಇದೇ ಅಂಕಣದಲ್ಲಿ ಎಷ್ಟು ಸಲ ಬರೆದಿದ್ದೇನೋ, ಕಾರಣ ಕೊಟ್ಟ ಕೂಡಲೇ ವಾದ ಶುರುವಾಗುತ್ತದೆ. ‘ಅಮ್ಮ ನೋಡ್ತಾರೆ’ ಅಂದರೆ ‘ಅಮ್ಮ ಅಡುಗೆ ಮನೆಗೆ ಹೋದಾಗ ಮಾಡ್ತೀನಿ’ ಅನ್ನುತ್ತಾಳೆ.

ನಾಲ್ಕು ದಿನ ಮಾತು ಬಿಡಬಹುದು. ಬಿಡಲಿ. ಬಸ್ಸಿನಲ್ಲಿ ಅವಳಿಗೆ ಸೀಟು ಹಿಡಿಯುವುದನ್ನು ಮಾತ್ರ ನೀನು ನಿಲ್ಲಿಸಬೇಡ.