ಗುರ್ ಅಂದಿದ್ದಕ್ಕೆ ಹೊಡೆಯಬೇಡಿ

ಓದುಗರ ಪ್ರಶ್ನೆ, ಪಶುವೈದ್ಯರ ಉತ್ತರ

ಪ್ರಶ್ನೆ: ಡಾಕ್ಟ್ರೇ, ನಮ್ಮ ಮನೆಯಲ್ಲಿ ನಾಲ್ಕು ವರ್ಷದ ಮಗಳು, ಹತ್ತು ತಿಂಗಳ ಮಗ, ಜೊತೆಗೆ ಕರಿಯ ಅಂತ ಒಂದು ನಾಟಿ ನಾಯಿ. ಕರಿಯನಿಗೆ ಈಗ ಏಳು ವರ್ಷ. ನಮ್ಮ ಮದುವೆಯಾದ ವರ್ಷ ಬೀದಿಯಿಂದ ಎತ್ತಿಕೊಂಡು ಬಂದ ಮರಿ. ಮಗಳು ನಡೆಯಲು ಕಲಿತದ್ದೇ ಇವನ ಬೆನ್ನು ಹಿಡಿದುಕೊಂಡು. ಒಂದು ದಿನವೂ ಯಾರಿಗೂ ಹಲ್ಲು ತೋರಿಸಿದವನಲ್ಲ. ಮಗ ಅಂಬೆಗಾಲಿಡಲು ಶುರುಮಾಡಿ ಎರಡು ತಿಂಗಳಾಯಿತು. ಹೋದ ಭಾನುವಾರ ಪಾಪು ಹತ್ತಿರ ಹೋದಾಗ ಕರಿಯ ಗುರ್ ಅಂದುಬಿಟ್ಟ. ನಮ್ಮ ಯಜಮಾನರು ಪೇಪರ್ ಸುತ್ತಿ ಎರಡು ಬಾರಿಸಿದರು. ಅತ್ತೆಯವರು ಅವತ್ತಿನಿಂದ ‘ಮಕ್ಕಳಿರೋ ಮನೇಲಿ ನಾಯಿ ಯಾಕೆ, ತೋಟಕ್ಕೆ ಸಾಗಹಾಕಿ’ ಅಂತ ಒಂದೇ ಸಮ ಹೇಳುತ್ತಿದ್ದಾರೆ. ಅವರದೂ ತಪ್ಪು ಅನ್ನಲಾರೆ, ಕರಿಯನನ್ನು ಕಳಿಸಲೂ ಮನಸ್ಸು ಬಾರದು. ಅವತ್ತಿನ ವಿಡಿಯೋ ನಾದಿನಿಯ ಮೊಬೈಲಲ್ಲಿತ್ತು, ಕಳಿಸಿದ್ದೇನೆ. ಏನು ಮಾಡಲಿ?
ಹೆಸರು ಬೇಡ, ಹಾಸನ

ಉತ್ತರ: ವಿಡಿಯೋ ಕಳಿಸಿದ್ದು ಒಳ್ಳೆಯದಾಯಿತು. ಐವತ್ತು ಸೆಕೆಂಡಿನದು. ನಾಲ್ಕು ಸಲ ನೋಡಿದೆ, ಕೊನೆಯ ಸಲ ಸದ್ದು ಆರಿಸಿ. ಸದ್ದಿದ್ದಾಗ ಎಲ್ಲರ ನಗು ಕೇಳಿಸುತ್ತದೆ, ‘ನೋಡು ನೋಡು, ಪಾಪು ಕರಿಯಣ್ಣನ್ನ ಮುದ್ದು ಮಾಡೋಕೆ ಹೊರಟಿತು’ ಅನ್ನುವುದು ಕೇಳಿಸುತ್ತದೆ. ಆ ಗದ್ದಲದಲ್ಲಿ ನಾಯಿ ಏನು ಹೇಳುತ್ತಿದೆ ಎಂಬುದರ ಕಡೆ ಗಮನವೇ ಹೋಗುವುದಿಲ್ಲ.

ಕರಿಯ ದಿವಾನಿಗೂ ಗೋಡೆಗೂ ನಡುವಿನ ಸಂದಿಯಲ್ಲಿ ಮಲಗಿದ್ದಾನೆ. ಪಾಪು ಇನ್ನೂ ಮೂರಡಿ ದೂರ ಇರುವಾಗಲೇ ಮುಖ ಆಚೆ ತಿರುಗಿಸಿದ. ಪಾಪು ನಿಲ್ಲಲಿಲ್ಲ. ಮೂಗು ನೆಕ್ಕಿಕೊಂಡ, ತಿನ್ನಲು ಅಲ್ಲೇನೂ ಇರಲಿಲ್ಲ. ಆಮೇಲೆ ಆಕಳಿಸಿದ, ಅದು ನಿದ್ದೆಯ ಆಕಳಿಕೆಯಲ್ಲ. ಪಾಪು ಕೈ ಚಾಚಿದಾಗ ತಲೆ ಅಲುಗಿಸದೆ ಕಣ್ಣನ್ನಷ್ಟೇ ಹೊರಳಿಸಿದ. ವಿಡಿಯೋವನ್ನು ಅಲ್ಲಿ ನಿಲ್ಲಿಸಿ ನೋಡಿ, ಕಣ್ಣಂಚಿನ ಬಿಳಿ ಬಿದಿಗೆ ಚಂದ್ರನ ಹಾಗೆ ಕಾಣುತ್ತದೆ. ತೆರೆದಿದ್ದ ಬಾಯಿ ಮುಚ್ಚಿತು, ಮೈ ಸೆಟೆಯಿತು. ಎಡಕಿವಿ ಪಾಪುವಿನ ಮುಷ್ಟಿಗೆ ಸಿಕ್ಕಿದ ಮೇಲೆಯೇ ಗುರ್ ಅಂದದ್ದು. ಐದು ಸಲ ಮೆಲ್ಲಗೆ ಹೇಳಿದ, ಯಾರೂ ಕೇಳಲಿಲ್ಲ, ಆರನೇ ಸಲ ಬಾಯಿಬಿಟ್ಟ. ಹಿಂದೆ ಗೋಡೆ, ಪಕ್ಕದಲ್ಲಿ ದಿವಾನು, ಎದುರಿಗೆ ಪಾಪು. ಎದ್ದು ಹೋಗಲು ದಾರಿಯೇ ಇಲ್ಲ. ಇಷ್ಟಾದರೂ ಕಚ್ಚಲಿಲ್ಲ.

ನಿಮ್ಮ ಯಜಮಾನರ ಮೇಲೆ ನನಗೆ ಸಿಟ್ಟಿಲ್ಲ. ಮಗುವಿನ ಮುಖದ ಹತ್ತಿರ ನಾಯಿ ಗುರುಗುಟ್ಟಿದರೆ ಯಾವ ಅಪ್ಪನ ಕೈಯೂ ಮೇಲೇಳುತ್ತದೆ. ಆದರೆ ಆ ಎರಡು ಏಟಿನಿಂದ ಕರಿಯ ಕಲಿತದ್ದು ‘ಪಾಪುವನ್ನು ಸಹಿಸಿಕೊ’ ಎಂದಲ್ಲ. ‘ಪಾಪು ಹತ್ತಿರ ಬಂದರೆ ಏಟು ಬೀಳುತ್ತದೆ, ಬಾಯಿ ಬಿಟ್ಟರೆ ಇನ್ನೂ ಬೀಳುತ್ತದೆ’ ಎಂದು. ಪಾಪುವಿನ ಮೇಲಿನ ಕಿರಿಕಿರಿ ಹಾಗೇ ಉಳಿಯಿತು, ಅದನ್ನು ಹೇಳಿಕೊಳ್ಳುವ ಬಾಯಿ ಮಾತ್ರ ಕಟ್ಟಿತು. ‘ಏನೂ ಸುಳಿವು ಕೊಡದೆ ಕಚ್ಚಿಬಿಡ್ತು ಡಾಕ್ಟ್ರೇ’ ಎಂದು ಬರುವವರನ್ನು ಕೂರಿಸಿಕೊಂಡು ಹಿಂದಿನದನ್ನೆಲ್ಲ ಕೇಳಿದಾಗ, ಗುರುಗುಟ್ಟಿದಾಗೆಲ್ಲ ಹೊಡೆದು ಆ ಸದ್ದನ್ನೇ ಅಡಗಿಸಿದ್ದ ಕತೆ ಎಷ್ಟೋ ಸಲ ಹೊರಬಿದ್ದಿದೆ. ಮುಂದೆ ಗುರ್ ಅಂದರೆ ನಾಯಿಯನ್ನು ಬೈಯಬೇಡಿ, ಹೊಡೆಯಬೇಡಿ. ಮಗುವನ್ನು ಎತ್ತಿಕೊಂಡು ಆಚೆ ಬನ್ನಿ, ಅಷ್ಟೇ.

ಇನ್ನು ಆ ಎಡಕಿವಿ. ಏಳು ವರ್ಷ ತಣ್ಣಗಿದ್ದ ನಾಯಿ ಏಕಾಏಕಿ ಬದಲಾದರೆ ನಾನು ಮೊದಲು ಹುಡುಕುವುದು ನೋವನ್ನು. ವಿಡಿಯೋದ ಶುರುವಿನಲ್ಲೇ ಕರಿಯ ಎರಡು ಸಲ ತಲೆ ಕೊಡವುತ್ತಾನೆ. ಕಿವಿ ಮಗುಚಿ ಮೂಸಿ ನೋಡಿ. ಹುಳಿ ವಾಸನೆ, ಕಂದು ಬಣ್ಣದ ಜಿಗುಟು ಕಂಡರೆ ಸೋಂಕಾಗಿದೆ ಎಂದೇ ತಿಳಿಯಿರಿ. ಎಣ್ಣೆ ಕಾಯಿಸಿ ಹಾಕಬೇಡಿ, ಕಡ್ಡಿಗೆ ಹತ್ತಿ ಸುತ್ತಿ ತಿರುವಬೇಡಿ, ಈ ವಾರವೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಹಲ್ಲು ಮತ್ತು ಸೊಂಟವನ್ನೂ ನೋಡಲು ಹೇಳಿ. ನೋವಿದೆಯೆಂದು ಮಕ್ಕಳ ಜ್ವರದ ಸಿರಪ್ ಕುಡಿಸುವವರಿದ್ದಾರೆ. ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಎರಡೂ ನಾಯಿಯ ಮಟ್ಟಿಗೆ ವಿಷವಾಗಬಲ್ಲವು.

ಅತ್ತೆಯವರ ಮಾತಿಗೆ ಬರೋಣ. ಮಗು ಮಲಗಿದ ಕಡೆಯೇ ಇದ್ದಷ್ಟು ದಿನ ನಾಯಿಗೆ ಅದೊಂದು ಸದ್ದು ಮಾಡುವ ಬಟ್ಟೆಗಂಟು. ಅಂಬೆಗಾಲಿಗೆ ಬಂದ ದಿನದಿಂದ ಅದು ನಾಯಿಯ ಕಣ್ಣಿನ ಮಟ್ಟದಲ್ಲಿ, ನೆಟ್ಟಗೆ ಅದರ ಮುಖಕ್ಕೇ ನುಗ್ಗಿ ಬರುವ ಜೀವ. ಮಕ್ಕಳಿಗೆ ಕಚ್ಚುವುದು ಹೆಚ್ಚಾಗಿ ಪರಿಚಯದ ನಾಯಿಯೇ, ಎಳೆಯ ಮಕ್ಕಳಿಗೆ ಗಾಯವಾಗುವುದು ಹೆಚ್ಚಾಗಿ ಮುಖ ಕತ್ತಿಗೇ. ಅವರ ಭಯಕ್ಕೆ ಅರ್ಥವಿದೆ. ತೋಟದ ಉಪಾಯ ಮಾತ್ರ ನನಗೆ ಒಪ್ಪಿಗೆಯಿಲ್ಲ. ಏಳು ವರ್ಷ ಪಡಸಾಲೆಯಲ್ಲಿ ಮಲಗಿದವನನ್ನು ತೋಟದ ಶೆಡ್ಡಿಗೆ ಕಟ್ಟಿ ಬಂದರೆ, ನಿಮ್ಮ ಕಡೆ ಅದು ಚಿರತೆಗೆ ಊಟ ಇಟ್ಟು ಬಂದ ಹಾಗೆಯೇ. ಹಂದಿಯೊಡನೆ ಕಾದಾಡಿ ಸತ್ತ ಕಾಳಿ ಎಂಬ ನಾಯಿಗಾಗಿ ಆತಕೂರಿನಲ್ಲಿ ಸಾವಿರ ವರ್ಷದ ಹಿಂದೆಯೇ ವೀರಗಲ್ಲು ನಿಲ್ಲಿಸಿದ ನಾಡು ಇದು, ಅದನ್ನು ಅತ್ತೆಯವರಿಗೆ ಹೇಳಿ. ಆದರೆ ಕಾಳಿಯ ಪಕ್ಕ ಅಂಬೆಗಾಲಿನ ಮಗುವನ್ನು ಬಿಟ್ಟು ನಗುತ್ತಾ ವಿಡಿಯೋ ಮಾಡುವವರು ಆಗ ಯಾರೂ ಇರಲಿಲ್ಲ, ಅದನ್ನು ನಾದಿನಿಗೆ ಹೇಳಿ.

ಮಾಡಬೇಕಾದ್ದು ಇಷ್ಟು. ಕರಿಯನಿಗೆ ಪಾಪು ಮುಟ್ಟಲಾಗದ ಒಂದು ಜಾಗ ಬೇಕು. ಹಳೇ ಮನೆಗಳಲ್ಲಿ ಮಗು ಹೊಸಿಲು ದಾಟದಂತೆ ಬಾಗಿಲಿಗೆ ಅಡ್ಡಹಲಗೆ ಇಡುತ್ತಿದ್ದರಲ್ಲ, ಅದೇ ಸಾಕು. ಎರಡೂವರೆ ಅಡಿಯ ಪ್ಲೈವುಡ್ ತುಂಡನ್ನು ಊಟದ ಕೋಣೆಯ ಬಾಗಿಲಿಗೆ ಅಲುಗಾಡದಂತೆ ನಿಲ್ಲಿಸಿ. ನಾಯಿ ಹಾರಿ ಹೋಗಬೇಕು, ಮಗು ದಾಟಬಾರದು. ಸೊಂಟ ನೋವಿದ್ದು ಹಾರಲಾಗದಿದ್ದರೆ ನೀವೇ ಹಲಗೆ ಸರಿಸಿ ದಾಟಿಸಿ. ಆಚೆ ಕಡೆ ಅವನ ಗೋಣಿತಾಟು, ನೀರಿನ ಬಟ್ಟಲು. ಅವನು ಅಲ್ಲಿ ಮಲಗಿದ್ದಾಗ ಮನೆಯವರು ಯಾರೂ ಅವನ ತಂಟೆಗೆ ಹೋಗಬಾರದು. ದಿವಾನಿನ ಸಂದಿಯನ್ನು ಇವತ್ತೇ ಟ್ರಂಕು ಇಟ್ಟು ಮುಚ್ಚಿ. ಭಯವೆಂದು ಪಾಪು ಆಡುವ ಕೋಣೆಯಲ್ಲೇ ಕರಿಯನನ್ನು ಚೈನಿಗೆ ಕಟ್ಟಿಹಾಕಬೇಡಿ. ಕಟ್ಟಿದ ನಾಯಿ ತಪ್ಪಿಸಿಕೊಂಡು ಹೋಗಲಾರದು, ಹೋಗಲಾರದ ನಾಯಿಗೆ ಉಳಿಯುವುದು ಹಲ್ಲು ಮಾತ್ರ.

ಮಗುವನ್ನೂ ನಾಯಿಯನ್ನೂ ಒಂದೇ ಕಡೆ ಬಿಟ್ಟು ಹೋಗಬೇಡಿ, ಉಕ್ಕುತ್ತಿರುವ ಹಾಲು ಇಳಿಸಿ ಬರುವಷ್ಟು ಹೊತ್ತು ಕೂಡ. ಹಾಲು ಉಕ್ಕಲಿ. ‘ನೋಡಿಕೊಳ್ಳುತ್ತಿದ್ದೆ’ ಅನ್ನುವವರಲ್ಲಿ ಅರ್ಧ ಜನ ಮೊಬೈಲ್ ನೋಡುತ್ತಿರುತ್ತಾರೆ. ಇಬ್ಬರ ನಡುವೆ ಕೈ ತೂರಿಸಲು ಆಗುವಷ್ಟು ಹತ್ತಿರ ಕೂತರೆ ಮಾತ್ರ ಅದು ನೋಡಿಕೊಳ್ಳುವುದು. ಪಾಪುವಿನ ಕೈಯಲ್ಲಿ ಬಿಸ್ಕತ್ತು, ರಾಗಿ ಗಂಜಿಯ ಬಟ್ಟಲು ಇರುವಾಗ ಕರಿಯ ಹಲಗೆಯಾಚೆ. ಕರಿಯ ಮುದ್ದೆ ತಿನ್ನುವಾಗ ಪಾಪು ನಿಮ್ಮ ಸೊಂಟದಲ್ಲಿ.

ಮಗಳಿಗೆ ನಾಲ್ಕು ವರ್ಷ, ಕಲಿಸಬಹುದು. ಮಲಗಿದ, ತಿನ್ನುತ್ತಿರುವ ನಾಯಿಯನ್ನು ಮುಟ್ಟಬಾರದು. ಬೇಕೆನಿಸಿದರೆ ಹತ್ತಿರ ಹೋಗದೆ ಕೂತಲ್ಲಿಂದಲೇ ‘ಕರಿಯಾ ಬಾ’ ಅನ್ನಬೇಕು. ಬಂದರೆ ಎದೆಯ ಹತ್ತಿರ ಒಂದು ಕೈಯಲ್ಲಿ ಸವರಿ, ಒಂದು, ಎರಡು, ಮೂರು ಎಣಿಸಿ ಕೈ ತೆಗೆಯಬೇಕು. ಅವನು ಇನ್ನೂ ಒತ್ತಿಕೊಂಡು ನಿಂತರೆ ಮತ್ತೆ ಸವರಬಹುದು, ಎದ್ದು ಹೋದರೆ ಹೋಗಲಿ. ಕುತ್ತಿಗೆ ತಬ್ಬುವುದು ಬೇಡ. ನಮಗೆ ಅದು ಪ್ರೀತಿ, ಎಷ್ಟೋ ನಾಯಿಗಳಿಗೆ ಅದು ಹಿಡಿದು ಕಟ್ಟಿಹಾಕಿದ ಹಾಗೆ.

ಮಗು ಹುಟ್ಟಿದ ಮೇಲೆ ಕರಿಯನ ಬೆಳಗಿನ ವಾಕಿಂಗ್ ನಿಂತಿರಬೇಕು. ಪೇಪರ್ ಸುತ್ತಿದ ಕೈಗೆ ಆ ಚೈನು ಕೊಡಿ, ಅರ್ಧ ಗಂಟೆ ಸಾಕು.

ಜಂತುಹುಳುವಿನ ಮದ್ದು ಮೂರು ತಿಂಗಳಿಗೊಮ್ಮೆ ಆಗುತ್ತಿದೆಯೇ? ನಾಯಿಯ ಹೊಟ್ಟೆಯ ದುಂಡುಹುಳುವಿನ ಮೊಟ್ಟೆ ಮಕ್ಕಳ ಹೊಟ್ಟೆಗೆ ಹೋದರೆ ಮರಿಹುಳು ಪಿತ್ತಜನಕಾಂಗ, ಕಣ್ಣಿನವರೆಗೂ ಹರಿಯಬಹುದು. ಸಮಾಧಾನದ ಸಂಗತಿಯೆಂದರೆ ಹೇಸಿಗೆಯಲ್ಲಿ ಬಿದ್ದ ಮೊಟ್ಟೆ ಸೋಂಕು ತರುವ ಹದಕ್ಕೆ ಬರಲು ವಾರಗಳೇ ಬೇಕು. ಹಿತ್ತಿಲಲ್ಲಿ ಬಿದ್ದದ್ದನ್ನು ಅವತ್ತಿಗವತ್ತೇ ತೆಗೆದರೆ ಮುಕ್ಕಾಲು ಪಾಲು ಚಿಂತೆ ಕಳೆದಂತೆ. ಮಣ್ಣು ತಿನ್ನುವ ವಯಸ್ಸಿನ ಪಾಪು ಇರುವಾಗ ಇದನ್ನು ನಾಳೆಗೆ ಬಿಡಬೇಡಿ.

ಒಂದು ಮಾತು ಮುಚ್ಚಿಡುವುದಿಲ್ಲ. ಇಷ್ಟೆಲ್ಲ ಮಾಡಿದ ಮೇಲೂ ಕರಿಯ ಪಾಪುವನ್ನು ಸದ್ದಿಲ್ಲದೆ ದಿಟ್ಟಿಸಿ ಹಿಂಬಾಲಿಸತೊಡಗಿದರೆ, ಇಲ್ಲವೇ ಚರ್ಮ ಒಡೆಯುವಂತೆ ಕಚ್ಚಿದರೆ, ಆಗ ಮಕ್ಕಳಿಲ್ಲದ ಮನೆ ಹುಡುಕಬೇಕಾಗುತ್ತದೆ, ನಡೆದದ್ದನ್ನು ಆ ಮನೆಯವರಿಗೆ ಬಿಡಿಸಿ ಹೇಳಿ. ವಿಡಿಯೋದಲ್ಲಿ ನಾನು ಕಂಡ ಕರಿಯ ಅಲ್ಲಿಗೆ ಬಂದಿಲ್ಲ.

ಪ್ರಶ್ನೆ: ಸರ್, ಎರಡೂವರೆ ತಿಂಗಳ ಮರಿ ತಂದಿದ್ದೇವೆ. ಆಟವಾಡುವಾಗ ಆರು ವರ್ಷದ ಮಗನ ಬೆರಳಿಗೆ ಹಲ್ಲು ತಾಗಿ ಸ್ವಲ್ಪ ರಕ್ತ ಬಂತು. ಪಕ್ಕದ ಮನೆಯವರು ‘ಮರಿಗೆ ಎಲ್ಲಿಯ ಹುಚ್ಚು, ಸುಣ್ಣ ಹಚ್ಚಿ’ ಅನ್ನುತ್ತಾರೆ. ಇಂಜೆಕ್ಷನ್ ಬೇಕೇ?
ಮೈಸೂರು

ಉತ್ತರ: ಬೇಕು. ಪತ್ರಿಕೆಯಲ್ಲಿ ಉತ್ತರ ಬರುವವರೆಗೆ ಕಾದಿಲ್ಲವೆಂದು ನಂಬಿದ್ದೇನೆ. ಪತ್ರ ಕೈಗೆ ಬಂದ ದಿನವೇ ನಿಮಗೆ ಫೋನ್ ಮಾಡಿಸಿದ್ದೇನೆ.

ಮರಿಗೂ ರೇಬಿಸ್ ಬರುತ್ತದೆ. ಮರಿಗೆ ಆ ಲಸಿಕೆ ಹಾಕುವುದೇ ಮೂರು ತಿಂಗಳಿಗೆ, ನಿಮ್ಮದಕ್ಕೆ ಇನ್ನೂ ಆಗಿಲ್ಲ. ಹಲ್ಲು ತಾಗಿದ ತಕ್ಷಣ ನಲ್ಲಿಯ ಕೆಳಗೆ ಗಾಯ ಹಿಡಿದು ಸೋಪು ಹಾಕಿ ಪೂರ್ತಿ 15 ನಿಮಿಷ ತೊಳೆಯಬೇಕು, ಗಡಿಯಾರ ನೋಡಿಕೊಂಡು. ಮಗು ಅಳುತ್ತದೆ, ಅಳಲಿ. ಸುಣ್ಣ, ಖಾರದ ಪುಡಿ, ಕಾಫಿಪುಡಿ, ಅರಿಶಿನ ಯಾವುದೂ ಬೇಡ. ರಕ್ತ ಬಂದ ಕಡಿತ ಮೂರನೇ ವರ್ಗಕ್ಕೆ, ಅಂದರೆ ಎಲ್ಲಕ್ಕಿಂತ ಗಂಭೀರ ವರ್ಗಕ್ಕೆ ಸೇರುತ್ತದೆ. ಅದಕ್ಕೆ ಲಸಿಕೆಯ ಜೊತೆ ಗಾಯದ ಸುತ್ತ ಇಮ್ಯುನೊಗ್ಲಾಬ್ಯುಲಿನ್ (ವೈರಸ್ ತಡೆಯುವ ಸಿದ್ಧ ಪ್ರತಿಕಾಯ) ಕೂಡ ಕೊಡಬೇಕು. ಸರಕಾರಿ ಆಸ್ಪತ್ರೆಯಲ್ಲಿ ಬಾಯಿಬಿಟ್ಟು ಕೇಳಿ. ಚರ್ಮದೊಳಗೆ ಕೊಡುವ ಲಸಿಕೆಯಾದರೆ 0 (ಮೊದಲ ಇಂಜೆಕ್ಷನ್ ದಿನ), 3, 7, 28ನೇ ದಿನ. ಸ್ನಾಯುವಿಗೆ ಕೊಡುವುದಾದರೆ 14ನೇ ದಿನದ್ದೂ ಸೇರಿ ಐದು. ಮರಿಯನ್ನು ಹತ್ತು ದಿನ ಗಮನಿಸಿ, ಆದರೆ ಹತ್ತು ದಿನ ನೋಡಿಕೊಂಡು ಆಮೇಲೆ ಇಂಜೆಕ್ಷನ್ ಅನ್ನಬೇಡಿ. ಇಂಜೆಕ್ಷನ್ ಶುರುಮಾಡಿ ಆಮೇಲೆ ಗಮನಿಸುವುದು. ಲಕ್ಷಣ ಕಾಣಿಸಿದ ಮೇಲೆ ರೇಬಿಸ್‌ಗೆ ಮದ್ದಿಲ್ಲ.

ಮರಿಯ ಹಲ್ಲು ನವೆಗೆ ಹಳೇ ಟವೆಲ್ ಒದ್ದೆ ಮಾಡಿ ಗಂಟು ಹಾಕಿ ಫ್ರಿಜ್‌ನಲ್ಲಿಟ್ಟು ಕೊಡಿ. ಮಗನ ಬೆರಳಿಗಿಂತ ಅದು ಅದಕ್ಕೆ ರುಚಿಸುತ್ತದೆ.

ಪ್ರಶ್ನೆ: ನಮ್ಮದು ದ್ರಾಕ್ಷಿ ಬೆಳೆಯುವ ಮನೆ. ಮೊಮ್ಮಗ ಡಬ್ಬಿಯಿಂದ ಒಣದ್ರಾಕ್ಷಿ ತೆಗೆದು ತಾನೊಂದು, ನಾಯಿಗೊಂದು ಅಂತ ತಿನ್ನಿಸುತ್ತಾನೆ. ನಾಯಿ ಗಟ್ಟಿಮುಟ್ಟಾಗಿಯೇ ಇದೆ. ತೊಂದರೆಯಿಲ್ಲ ತಾನೆ?
ವಿಜಯಪುರ ಜಿಲ್ಲೆ

ಉತ್ತರ: ಇದೆ ಅಜ್ಜಾವ್ರೇ. ಹಸಿಯದೋ ಒಣಗಿದ್ದೋ, ದ್ರಾಕ್ಷಿ ನಾಯಿಯ ಮೂತ್ರಪಿಂಡವನ್ನು ಒಂದೆರಡು ದಿನದಲ್ಲೇ ಕೆಡಿಸಬಲ್ಲದು. ಎಷ್ಟು ತಿಂದರೆ ಕೆಡುತ್ತದೆ ಎಂಬುದು ನಾಯಿಯಿಂದ ನಾಯಿಗೆ ಬೇರೆ, ಇದುವರೆಗೆ ಜೀರ್ಣಿಸಿಕೊಂಡದ್ದು ನಾಳೆಗೆ ಜಾಮೀನಲ್ಲ. ಅದರಲ್ಲಿನ ಟಾರ್ಟಾರಿಕ್ ಆಮ್ಲವೇ ಕಾರಣವಿರಬೇಕೆಂದು ಈಚಿನ ವರ್ಷಗಳಲ್ಲಿ ವಿಷಶಾಸ್ತ್ರದವರು ಹೇಳುತ್ತಿದ್ದಾರೆ. ನಮ್ಮ ಹುಣಸೆಹಣ್ಣಿನಲ್ಲೂ ಅದೇ ಆಮ್ಲವಿದೆ, ಹಾಗಾಗಿ ಹುಣಸೆಯನ್ನೂ ಅದರ ಬಾಯಿಗೆ ಸಿಗದಂತೆ ಇಡಿ. ಚಾಕೊಲೇಟ್, ಈರುಳ್ಳಿಯೂ ಬೇಡ.

ಮುಷ್ಟಿಗಟ್ಟಲೆ ತಿಂದದ್ದು ಕಂಡರೆ ವಾಂತಿ ಬರಲೆಂದು ಉಪ್ಪುನೀರು ಕುಡಿಸಬೇಡಿ, ಅದೇ ಇನ್ನೊಂದು ವಿಷ. ಎರಡು ಗಂಟೆಯೊಳಗೆ ಪಶು ಆಸ್ಪತ್ರೆ ಸೇರಿದರೆ ವಾಂತಿ ಮಾಡಿಸಿ ಹೊರಹಾಕಬಹುದು. ಈಗ ಹೇಗೂ ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ. ಮೊಮ್ಮಗನ ಆಟವನ್ನು ನಿಲ್ಲಿಸಬೇಡಿ, ಡಬ್ಬಿಯನ್ನಷ್ಟೇ ಬದಲಿಸಿ: ತನಗೊಂದು, ನಾಯಿಗೊಂದು ಗಜ್ಜರಿ ಹೋಳು. ತೆಳ್ಳಗೆ ಹೆಚ್ಚಿ, ಇಬ್ಬರ ಗಂಟಲಿಗೂ ಸಿಕ್ಕದಂತೆ.