ಆ ಐದು ಡಾಲರ್ ತೆಗೆಸಲು ಆಗುವುದಿಲ್ಲ ಮಾರಾಯ

ಮಂಗಳೂರು ಬಿಟ್ಟು ಶಿಕಾಗೋಗೆ ಹೋಗಿ ಎರಡು ತಿಂಗಳು ಆಯ್ತು ಅಂತ ಬರೆದಿದ್ದೀಯ. ನಿನ್ನದು, ಹೆಂಡತಿಯದು, ಅಪ್ಪ ಅಮ್ಮ ಬಂದಾಗ ಬೇಕಾಗ್ತದೆ ಅಂತ ಇನ್ನೆರಡು, ಒಟ್ಟು ನಾಲ್ಕು ಮೊಬೈಲ್ ಲೈನ್. ಬಿಲ್ಲಿನ ಅಡಿಯಲ್ಲಿ 911 (ಅಮೆರಿಕದಲ್ಲಿ ಪೊಲೀಸ್, ಆ್ಯಂಬುಲೆನ್ಸ್ ಕರೆಯುವ ತುರ್ತು ನಂಬರ್) ಅಂತ ಒಂದು ಸಾಲು, ಲೈನಿಗೆ ಐದರಂತೆ ಅದಕ್ಕೇ 20 ಡಾಲರ್. "ನಾವು ಒಂದು ಸಲವೂ ಆ ನಂಬರಿಗೆ ಫೋನ್ ಮಾಡಿಲ್ಲ ಅಣ್ಣಾ, ಹೇಳಿದರೆ ತೆಗೀತಾರಾ? ಡಲ್ಲಾಸ್‌ನಲ್ಲಿರುವ ಭಾವನ ವಿಳಾಸ ಕೊಟ್ಟರೆ ಕಡಿಮೆ ಬರ್ತದಂತೆ, ಹೌದಾ?" ಅಂತ ನಿನ್ನ ಪ್ರಶ್ನೆ.

ನಾನು ಈಗ ರಜೆಯಲ್ಲಿ ಉಡುಪಿಯಲ್ಲಿದ್ದೇನೆ. ಹೊರಗೆ ಮಳೆ, ಕರೆಂಟಿಲ್ಲ, ಫೋನಿನಲ್ಲೇ ಟೈಪ್ ಮಾಡ್ತಿದ್ದೇನೆ, ತಪ್ಪಿದ್ದರೆ ಸುಧಾರಿಸಿಕೋ.

ತೆಗೆಯುವುದಿಲ್ಲ. ಕಸ್ಟಮರ್ ಕೇರಿನವರ ಹತ್ತಿರ ಅರ್ಧ ಗಂಟೆ ವಾದ ಮಾಡಿದರೂ ಅಷ್ಟೇ. ಅದು ಫೋನ್ ಕಂಪನಿಯ ಹಣ ಅಲ್ಲ, ಅವರು ನಮ್ಮಿಂದ ವಸೂಲಿ ಮಾಡಿ ಸರ್ಕಾರಕ್ಕೆ ಕಟ್ಟುವವರು ಮಾತ್ರ. ಎಷ್ಟು ಸಲ ಕರೆ ಮಾಡಿದೆ ಅಂತ ಯಾರೂ ನೋಡುವುದಿಲ್ಲ, ಎಷ್ಟು ಲೈನ್ ಉಂಟು ಅಂತ ನೋಡುತ್ತಾರೆ. ಪ್ರೀಪೇಯ್ಡ್ ತೆಗೆದುಕೊಂಡರೂ ಬಿಡುವುದಿಲ್ಲ, ಅಂಗಡಿಯಲ್ಲಿ ದುಡ್ಡು ಕೊಡುವಾಗಲೇ ಅದನ್ನೂ ಸೇರಿಸಿ ತೆಗೆದುಕೊಳ್ಳುತ್ತಾರೆ. ಒಂದು ಲೈನಿನ ಆ ಐದು ಡಾಲರಿನಲ್ಲಿ ಇಲ್ಲಿ ಒಂದು ತಿಂಗಳ ರೀಚಾರ್ಜೇ ಮುಗಿಯುತ್ತದೆ, ನಿನಗೆ ಹೊಟ್ಟೆ ಉರಿಯುವುದು ಗೊತ್ತಾಗುತ್ತದೆ. ರೂಪಾಯಿಗೆ ಗುಣಿಸುವ ಚಟ ನಿಧಾನಕ್ಕೆ ಹೋಗುತ್ತದೆ.

ನಿನಗೆ ಇಷ್ಟು ಜಾಸ್ತಿ ಬಂದದ್ದು ಶಿಕಾಗೋ ಊರೊಳಗೇ ಮನೆ ಮಾಡಿದ್ದಕ್ಕೆ. ನಾನಿರುವುದೂ ಅದೇ ಇಲಿನಾಯ್ ರಾಜ್ಯ, ಆದರೆ ಊರಿನ ಗಡಿಯಿಂದ ಆಚೆ, ನನಗೆ ಲೈನಿಗೆ 1.50 ಡಾಲರ್. ಡಲ್ಲಾಸ್ ಇರುವ ಟೆಕ್ಸಾಸ್‌ನಲ್ಲಿ ಮೊಬೈಲಿಗೆ 50 ಸೆಂಟ್, ಹಾಗಾಗಿ ನಿನ್ನ ಭಾವ ಹೇಳಿದ್ದು ಸುಳ್ಳೇನೂ ಅಲ್ಲ. ನಂಬರ್ ದೇಶಕ್ಕೆಲ್ಲ ಒಂದೇ ಆದರೂ ಫೋನ್ ಎತ್ತುವ ಕೇಂದ್ರವನ್ನು ಆಯಾ ಊರು, ಆಯಾ ಕೌಂಟಿ (ನಮ್ಮ ಜಿಲ್ಲೆಯ ಹಾಗೆ) ನಡೆಸುತ್ತದೆ. ಕಾರ್ಕಳಕ್ಕೊಂದು, ಕುಂದಾಪುರಕ್ಕೊಂದು, ಖರ್ಚೂ ಅವರವರದ್ದೇ ಅಂದ ಹಾಗೆ.

ಶಿಕಾಗೋದಲ್ಲಿ ಇದು 2014ರಲ್ಲಿ 2.50 ಇದ್ದದ್ದು 3.90 ಆಯಿತು, 2018ರಲ್ಲಿ 5ಕ್ಕೆ ಏರಿತು. ಏರಿಸಿದ್ದು ಬರೀ ಫೋನ್ ಎತ್ತುವವರಿಗೆ ಅಲ್ಲ. 911ರ ಖರ್ಚನ್ನು ಫೋನ್ ಬಿಲ್ಲಿಗೆ ಹಾಕಿದರೆ ನಗರದ ಖಜಾನೆಯಲ್ಲಿ ಅಷ್ಟು ಹಣ ಉಳಿಯುತ್ತದೆ, ಅದನ್ನು ನೌಕರರ ಪಿಂಚಣಿಗೆ ಹಾಕಬಹುದು ಅಲ್ವಾ, ಆ ಲೆಕ್ಕ. ಕೆಲವು ರಾಜ್ಯಗಳು ಇನ್ನೂ ನೇರ, ಈ ಹಣವನ್ನೇ ಬೇರೆ ಕೆಲಸಕ್ಕೆ ತಿರುಗಿಸುತ್ತವೆ. ಹಾಗೆ ಮಾಡುವವರು ಯಾರು ಅಂತ ಎಫ್‌ಸಿಸಿ (ಫೋನ್ ಕಂಪನಿಗಳ ಮೇಲೆ ಕಣ್ಣಿಡುವ ಕೇಂದ್ರ ಸರ್ಕಾರದ ಸಂಸ್ಥೆ) ಪ್ರತಿ ವರ್ಷ ಕಾಂಗ್ರೆಸ್ಸಿಗೆ, ಅಂದರೆ ಅಲ್ಲಿನ ಸಂಸತ್ತಿಗೆ, ವರದಿ ಕೊಡಬೇಕು ಅಂತ 2008ರಲ್ಲಿ ಕಾನೂನೇ ಬಂತು. ನ್ಯೂಯಾರ್ಕ್, ನ್ಯೂಜೆರ್ಸಿ ಹೆಸರು ಅದರಲ್ಲಿ ಹಲವು ವರ್ಷ ಬಂದಿದೆ. ನನಗೆ ಸಿಟ್ಟು ಬರುವುದು ಅದಕ್ಕೆ. ಫೀ ಕೊಡುವುದಕ್ಕೆ ಸಿಟ್ಟಿಲ್ಲ.

ಯಾಕೆ ಇಲ್ಲ ಅಂದರೆ, ಆ ಹಣ ಎಲ್ಲಿಗೆ ಹೋಗುತ್ತದೆ ಅಂತ ನನಗೆ ಗೊತ್ತಾದದ್ದು ಒಂದು ಪೆದ್ದುತನದಿಂದ. ಹೋದ ಹೊಸತು, ಆಫೀಸಿನ ಫೋನಿನಿಂದ ಮನೆಗೆ ಮಾಡುತ್ತಿದ್ದೆ. ಹೊರಗಿನ ಲೈನಿಗೆ 9, ಆಮೇಲೆ ವಿದೇಶಕ್ಕೆ 011, ಆಮೇಲೆ ಭಾರತದ 91, ಆಮೇಲೆ ಉಡುಪಿಯ 820. ಅವಸರದಲ್ಲಿ ಆ 0 ತಪ್ಪಿತು. 9 ಆದ ಮೇಲೆ 0 ತಪ್ಪಿದರೆ ಎಂತ ಆಗ್ತದೆ ನೋಡು, 9 ಮತ್ತು 11 ಸೇರಿ 911! ಆಚೆ ಕಡೆ ಒಬ್ಬರು ಹೆಂಗಸು "911, ನಿಮ್ಮ ತುರ್ತು ಏನು" ಅಂದರು. ನಾನು ಹೆದರಿ ಟಪ್ ಅಂತ ಫೋನ್ ಇಟ್ಟುಬಿಟ್ಟೆ. ಒಂದು ನಿಮಿಷ ಆಗಿರಲಿಕ್ಕಿಲ್ಲ, ಅವರೇ ವಾಪಸ್ ಮಾಡಿದರು. ಯಾರಾದರೂ ಬೆದರಿಸುತ್ತಿದ್ದಾರಾ, ಎದೆ ನೋವಾ, ಪಕ್ಕದಲ್ಲಿ ಯಾರಿದ್ದಾರೆ, ಎಲ್ಲ ಕೇಳಿದರು. ಊರಿಗೆ ಫೋನ್ ಮಾಡ್ತಿದ್ದೆ ಅಂದೆ. ಆ ಕಡೆ ನಕ್ಕರು ಅಂತ ಕಾಣ್ತದೆ. ಅಷ್ಟರಲ್ಲಿ ಕೆಳಗಿನ ಸೆಕ್ಯೂರಿಟಿಯವನೂ ಮೇಲೆ ಬಂದು ನನ್ನ ಕುರ್ಚಿಯ ಹಿಂದೆ ನಿಂತಿದ್ದ. ಹಗಲು ರಾತ್ರಿ ಹಾಗೆ ಕಾದು ಕುಳಿತವರ ಸಂಬಳ, ಅವರ ಎದುರಿನ ಮ್ಯಾಪು, ನಾವು ಎಲ್ಲಿಂದ ಮಾತಾಡುತ್ತಿದ್ದೇವೆ ಅಂತ ತೋರಿಸುವ ಏರ್ಪಾಡು, ಇದಕ್ಕೆಲ್ಲ ಬೇಕಾದದ್ದು ಈ ಹಣ. ನಿನಗೂ ತಪ್ಪಿ ಹೋದರೆ ನನ್ನ ಹಾಗೆ ಕಟ್ ಮಾಡಬೇಡ, ತಪ್ಪಿ ಬಂತು ಅಂತ ಹೇಳಿಯೇ ಇಡು.

(ಆ 9 ಒತ್ತುವ ಕಥೆಗೆ ಇನ್ನೊಂದು ಮುಖವೂ ಉಂಟು. 2013ರಲ್ಲಿ ಟೆಕ್ಸಾಸ್‌ನ ಹೋಟೆಲ್ ರೂಮಿನಲ್ಲಿ ತಾಯಿಯ ಮೇಲೆ ಹಲ್ಲೆ ಆಗುವಾಗ ಒಂಬತ್ತು ವರ್ಷದ ಮಗು ನಾಲ್ಕು ಸಲ 911 ಒತ್ತಿತು, ಮೊದಲು 9 ಒತ್ತಬೇಕು ಅಂತ ಅದಕ್ಕೆ ಗೊತ್ತಿರಲಿಲ್ಲ, ಕರೆ ಹೋಗಲೇ ಇಲ್ಲ. ಆ ತಾಯಿಯ ಹೆಸರಿನಲ್ಲೇ ಕಾನೂನು ಬಂತು. 2020ರ ಫೆಬ್ರವರಿಯಿಂದ ಹೋಟೆಲ್, ಆಫೀಸಿಗೆ ಹೊಸದಾಗಿ ಹಾಕುವ ಫೋನುಗಳಲ್ಲಿ ನೇರ 911 ಹೋಗಲೇಬೇಕು.)

ಆದರೆ ಒಂದು ಸರಿಯಾಗಿ ತಿಳಿದುಕೋ. ಈ ಐದು ಡಾಲರ್ ಕರೆಗೆ ಮಾತ್ರ, ಆ್ಯಂಬುಲೆನ್ಸಿಗೆ ಅಲ್ಲ. ಅದು ಮನೆ ಬಾಗಿಲಿಗೆ ಬಂದು ನಿನ್ನನ್ನು ಹತ್ತಿಸಿಕೊಂಡಿತು ಅಂದರೆ ಬೇರೆ ಬಿಲ್. ನನ್ನ ಮಗ ಮೆಟ್ಟಿಲಿನಿಂದ ಬಿದ್ದಾಗ ಹತ್ತು ನಿಮಿಷದ ದಾರಿಗೆ ಸಾವಿರ ಡಾಲರ್ ಮೇಲೆ ಬಂದಿತ್ತು, ಇನ್ಶೂರೆನ್ಸಿನವರ ಹತ್ತಿರ ಮೂರು ತಿಂಗಳು ಒದ್ದಾಡಿದೆ. ನಮ್ಮಲ್ಲಿ ತಿರುಗಾ ಮುರುಗಾ. ಹೋದ ವರ್ಷ ಅಪ್ಪನಿಗೆ ಉಸಿರು ಕಟ್ಟಿದಾಗ 108 ಬಂತು, ಒಂದು ಪೈಸೆ ಕೇಳಲಿಲ್ಲ. ಕರ್ನಾಟಕದಲ್ಲಿ 2008ರಿಂದ ಹಾಗೇ ನಡೆಯುತ್ತಿದೆ, ಖರ್ಚು ಸರ್ಕಾರದ್ದು, ಅಂದರೆ ನಾವು ತೆರಿಗೆಯಲ್ಲಿ ಕೊಟ್ಟದ್ದೇ, ಫೋನ್ ಬಿಲ್ಲಿನಲ್ಲಿ ಕಾಣುವುದಿಲ್ಲ ಅಷ್ಟೇ. ಮನೆ ಎಲ್ಲಿ ಅಂತ ಹೇಳುವಾಗ ಮಾತ್ರ ಅಮ್ಮ "ಭಜನಾ ಮಂದಿರ ದಾಟಿ, ಗೂಡಂಗಡಿಯ ಎದುರಿನ ಓಣಿ, ಹಲಸಿನ ಮರ ಉಂಟು ನೋಡಿ" ಅಂತ ಮೂರು ಸಲ ಹೇಳಿದರು. ಕೊನೆಗೆ ರಿಕ್ಷಾದ ಸದಾನಂದಣ್ಣ ರಸ್ತೆಗೆ ಓಡಿ ಹೋಗಿ ಕೈ ತೋರಿಸಿದ್ದು.

ಇನ್ನು ಭಾವನ ವಿಳಾಸ. ಅದು ಬೇಡ. ನೀನು ನಿಜವಾಗಿ ಎಲ್ಲಿ ವಾಸ ಇದ್ದೀಯೋ ಅಲ್ಲಿಯದ್ದೇ ಕೊಡಬೇಕು ಅಂತ ನಿಯಮ. ಅದಿರಲಿ, ನೀನಿರುವುದು ಬೇಸ್‌ಮೆಂಟ್ ಮನೆ, ಸಿಗ್ನಲ್ ಸಿಗುವುದಿಲ್ಲ ಅಂತ ವೈ-ಫೈ ಕಾಲಿಂಗ್ ಹಾಕಿಕೊಂಡಿದ್ದೀಯ. ಟವರಿನಿಂದ ಹೋದ ಕರೆ ನೀನಿರುವ ಜಾಗಕ್ಕೆ ಹತ್ತಿರದ ಕೇಂದ್ರಕ್ಕೇ ಹೋಗುತ್ತದೆ, ಬಿಲ್ಲಿನ ವಿಳಾಸ ಬೇಡ. ವೈ-ಫೈಯಲ್ಲಿ ಹೋದರೆ ಹಾಗಲ್ಲ, ಅದನ್ನು ಆನ್ ಮಾಡುವಾಗ ತುರ್ತು ವಿಳಾಸ ಅಂತ ಒಂದು ಬರೆಸಿಕೊಂಡಿರುತ್ತದೆ, ಜಾಗ ಸಿಗದಿದ್ದರೆ ಅದನ್ನೇ ನೋಡುತ್ತಾರೆ. ಅಲ್ಲಿ ಡಲ್ಲಾಸ್ ಅಂತ ಇದ್ದರೆ ಅಪ್ಪನಿಗೆ ಎದೆ ನೋವು ಬಂದ ರಾತ್ರಿ ಎಂತ ಮಾಡ್ತೀಯ? ಇವತ್ತೇ ಸೆಟ್ಟಿಂಗ್ಸ್ ತೆಗೆದು ನೋಡು, ನಾಲ್ಕೂ ಫೋನಿನಲ್ಲಿ. ಮನೆ ಬದಲಿಸಿದಾಗ ಮತ್ತೊಮ್ಮೆ.

ಉಳಿಸಲೇಬೇಕಾದರೆ ಅಪ್ಪ ಅಮ್ಮನ ಎರಡು ಲೈನ್ ಈಗಲೇ ಯಾಕೆ ಇಟ್ಟುಕೊಂಡಿದ್ದೀಯ? ಅವರು ಬರುವುದು ಡಿಸೆಂಬರಿನಲ್ಲಿ ಅಂದೆ ಅಲ್ವಾ, ಆಗ ತೆಗೆದುಕೊಂಡರೆ ಆಯ್ತು. ಬಂದ ದಿನ ವಿಳಾಸವನ್ನು ದೊಡ್ಡ ಅಕ್ಷರದಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸು, ಅಮ್ಮನಿಗೆ ಓದಿಸಿ ನೋಡು. ಅಲ್ಲಿ ಹಲಸಿನ ಮರ ಹೇಳಿದರೆ ಯಾರಿಗೂ ಗೊತ್ತಾಗುವುದಿಲ್ಲ.