ಮೌಸ್ ನಿಮ್ಮ ಕೈಯಲ್ಲೇ ಇರಲಿ

ಊರಿನ ಗ್ರಂಥಾಲಯದ ಹಿಂಬದಿಯ ಕೋಣೆಯಲ್ಲಿ ಭಾನುವಾರ ಬೆಳಿಗ್ಗೆ ನಡೆಯುವ ನಮ್ಮ ಕಂಪ್ಯೂಟರ್ ಕೂಟಕ್ಕೆ ಬರುವವರಲ್ಲಿ ಹೆಚ್ಚಿನವರು ನಿವೃತ್ತರು, ಗೃಹಿಣಿಯರು, ಸಣ್ಣ ಅಂಗಡಿ ನಡೆಸುವವರು. ಅವರ ಫೋನು, ಲ್ಯಾಪ್‌ಟಾಪುಗಳ ತೊಂದರೆ ಬಿಡಿಸಲು ಕೂರುವವರಲ್ಲಿ ನಾನೂ ಒಬ್ಬ. ಅಲ್ಲಿನ ಮುಖ್ಯ ಕಟ್ಟುಪಾಡು ಒಂದೇ: ಫೋನಾಗಲಿ ಮೌಸಾಗಲಿ ತಂದವರ ಕೈಯಲ್ಲೇ ಇರಬೇಕು, ನಾವು ಪಕ್ಕದಲ್ಲಿ ಕೂತು ಹೇಳಿಕೊಡಬೇಕು. ನಾವೇ ಇಸಿದುಕೊಂಡು ಅರ್ಧ ನಿಮಿಷದಲ್ಲಿ ಸರಿಮಾಡಿ ಕೊಟ್ಟರೆ ಮುಂದಿನ ವಾರ ಅದೇ ತೊಂದರೆಗೆ ಅವರು ಮತ್ತೆ ಬರಬೇಕಾಗುತ್ತದೆ. ಈ ಸಲ ಅಂಕಣಕ್ಕೆ ಬಂದ ಪ್ರಶ್ನೆಗಳೂ ಕೂಟದಲ್ಲಿ ಕೇಳುವಂಥವೇ. ಉತ್ತರಗಳನ್ನು ಫೋನು ಕೈಯಲ್ಲಿ ಹಿಡಿದೇ ಓದಿ.

ಪ್ರಶ್ನೆ: ನಾನು ನಿವೃತ್ತ ಕನ್ನಡ ಮೇಷ್ಟ್ರು. 2003ರಿಂದ ಹಲವು ವರ್ಷ ನಮ್ಮ ಸೀಮೆಯ ಜಾತ್ರೆ, ಹಾಡು, ಊರ ಹೆಸರುಗಳ ಬಗ್ಗೆ ‘ನುಡಿ’ ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟ ಬರಹಗಳು ಸಿ.ಡಿ.ಗಳಲ್ಲಿವೆ. ಈಗ ಮಗಳ ಲ್ಯಾಪ್‌ಟಾಪಿನಲ್ಲಿ ತೆರೆದರೆ ಬರೀ ಇಂಗ್ಲಿಷ್ ಅಕ್ಷರ, ಪೌಂಡ್ ಗುರುತು, ತಲೆಯ ಮೇಲೆ ಗೆರೆ ಎಳೆದ ‘ಎ’. ಎಲ್ಲ ಹಾಳಾಗಿ ಹೋಯಿತೇ? — ತೀರ್ಥಹಳ್ಳಿ

ಮೇಷ್ಟ್ರೇ, ಒಂದಕ್ಷರವೂ ಹಾಳಾಗಿಲ್ಲ. ನಿಮಗೆ ಕಾಣುತ್ತಿರುವ ಆ ಪೌಂಡ್ ಗುರುತೇ ಅದಕ್ಕೆ ಸಾಕ್ಷಿ.

ಹಳೆಯ ನುಡಿಯಲ್ಲಿ ಕನ್ನಡಕ್ಕೆಂದು ಬೇರೆ ಸಂಕೇತಗಳಿರಲಿಲ್ಲ. ಇಂಗ್ಲಿಷ್ ಮತ್ತು ಯುರೋಪಿನ ಭಾಷೆಗಳ ಅಕ್ಷರಗಳಿರುವ ಜಾಗದಲ್ಲಿ ಕನ್ನಡ ಅಕ್ಷರಗಳ ತುಣುಕುಗಳನ್ನು ಕೂರಿಸಿದ್ದರು. ‘ಕನ್ನಡ’ ಎಂದು ನೀವು ಟೈಪ್ ಮಾಡಿದಾಗ ಕಡತದೊಳಗೆ ಉಳಿದದ್ದು ದೊಡ್ಡ ‘ಪಿ’, ಗೆರೆಯ ‘ಎ’, ಪೌಂಡ್ ಗುರುತು, ಮತ್ತೆ ಗೆರೆಯ ‘ಎ’, ಜರ್ಮನ್ ಭಾಷೆಯ ಜೋಡಿ ‘ಎಸ್’ ಅಕ್ಷರ, ಸಣ್ಣ ‘ಕ್ಯೂ’, ಇನ್ನೊಂದು ಗೆರೆಯ ‘ಎ’. ಪೌಂಡ್ ಎಂದರೆ ‘ನ’ಕಾರದ ಒಡಲು, ಗೆರೆಯ ‘ಎ’ ಎಂದರೆ ತಲೆಕಟ್ಟು, ಜರ್ಮನ್ ಅಕ್ಷರ ಎಂದರೆ ನ-ಒತ್ತು. ನುಡಿ ಫಾಂಟು ಇರುವ ಯಂತ್ರದಲ್ಲಿ ಇದೇ ಸಾಲು ಕನ್ನಡವಾಗಿ ಕಾಣುತ್ತದೆ. ಮಗಳ ಲ್ಯಾಪ್‌ಟಾಪಿನಲ್ಲಿ ಆ ಫಾಂಟು ಇಲ್ಲ, ಅಷ್ಟೇ. ಈಗ ಎಲ್ಲ ಕಡೆ ಬಳಸುವ ಯುನಿಕೋಡಿನಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ತನ್ನದೇ ಸಂಖ್ಯೆ ಇರುವುದರಿಂದ ಈ ತಾಪತ್ರಯ ಇಲ್ಲ.

ಮೊದಲು ಮಾಡಬೇಕಾದದ್ದು ಯುನಿಕೋಡಿಗೆ ಪರಿವರ್ತನೆಯಲ್ಲ, ನಕಲು. ಮನೆಯಲ್ಲಿ ಬರೆದ ಸಿ.ಡಿ.ಗಳು ವರ್ಷ ಕಳೆದಂತೆ ಓದಲು ಬಾರದಂತಾಗುತ್ತವೆ, ಈಗಿನ ಲ್ಯಾಪ್‌ಟಾಪುಗಳಲ್ಲಿ ಸಿ.ಡಿ. ಡ್ರೈವೂ ಇರುವುದಿಲ್ಲ. ಯುಎಸ್‌ಬಿಗೆ ಸಿಕ್ಕಿಸುವ ಹೊರಗಿನ ಡ್ರೈವ್ ಒಂದನ್ನು ಯಾರಿಂದಲಾದರೂ ಎರವಲು ತಂದು ಎಲ್ಲವನ್ನೂ ಎರಡು ಕಡೆ ನಕಲು ಮಾಡಿಡಿ. ಮೂಲ ಕಡತಗಳನ್ನು ಯಾವ ಕಾರಣಕ್ಕೂ ತಿದ್ದಬೇಡಿ.

ಆಮೇಲೆ ಒಂದು ಕಡತವನ್ನು ವರ್ಡ್‌ನಲ್ಲಿ ತೆರೆದು, ಒಂದು ಸಾಲು ಗುರುತು ಮಾಡಿ, ಮೇಲಿನ ಪಟ್ಟಿಯಲ್ಲಿ ಫಾಂಟಿನ ಹೆಸರು ಏನೆಂದು ನೋಡಿ. ನುಡಿ ಎಂದಿದ್ದರೆ ನುಡಿಯ ಪರಿವರ್ತಕ ಬಳಸಿ. ಬರಹ ತಂತ್ರಾಂಶದ ಫಾಂಟಾಗಿದ್ದರೆ ಬರಹದಲ್ಲೇ ಪರಿವರ್ತಕ ಇದೆ. ಶ್ರೀಲಿಪಿಯಂಥ ಮುದ್ರಣದ ಫಾಂಟುಗಳ ಸಂಕೇತವೇ ಬೇರೆ. ಅವನ್ನು ನುಡಿಯ ಪರಿವರ್ತಕಕ್ಕೆ ಕೊಟ್ಟರೆ ಹೊರಬರುವುದು ಇನ್ನೊಂದು ಬಗೆಯ ಗೋಜಲು.

ನಡುನಡುವೆ ಇಂಗ್ಲಿಷ್ ಪದಗಳಿದ್ದರೆ ಎಚ್ಚರ. ಇಡೀ ಪುಟವನ್ನು ಬರೀ ಪಠ್ಯವಾಗಿ ಕೊಟ್ಟರೆ ಪರಿವರ್ತಕಕ್ಕೆ ಯಾವುದು ಇಂಗ್ಲಿಷ್, ಯಾವುದು ಕನ್ನಡದ ತುಣುಕು ಎಂದು ಗೊತ್ತಾಗದೆ ಇಂಗ್ಲಿಷ್ ಪದಗಳನ್ನೂ ಅರ್ಥವಿಲ್ಲದ ಕನ್ನಡ ಮಾಡಿಬಿಡುತ್ತದೆ. ಅಂಥ ಪುಟಗಳನ್ನು ಇಂಗ್ಲಿಷ್ ಪದಗಳನ್ನು ಬಿಟ್ಟು ಪ್ಯಾರಾ ಪ್ಯಾರಾ ಆಗಿ ಕೊಡಿ. ಅರ್ಕಾವತ್ತನ್ನು ಮಾತ್ರ ಕಣ್ಣಿಟ್ಟು ನೋಡಿ: ಹಳೆಯ ಸಂಕೇತದಲ್ಲಿ ಅದು ಅಕ್ಷರದ ನಂತರ ಬರುತ್ತಿತ್ತು, ಯುನಿಕೋಡಿನಲ್ಲಿ ‘ರ್’ ಮೊದಲು ಬರಬೇಕು. ‘ಧರ್ಮ’, ‘ಸೂರ್ಯ’, ‘ಕಾರ್ತೀಕ’ ಇಂಥ ಪದಗಳಲ್ಲಿ ತಪ್ಪು ನುಸುಳುವುದು ಇಲ್ಲೇ. ನೀವು ಜೀವಮಾನವಿಡೀ ಮಕ್ಕಳ ಉತ್ತರಪತ್ರಿಕೆ ತಿದ್ದಿದವರು, ಈ ಕರಡು ತಿದ್ದುವುದಕ್ಕೆ ನಿಮಗಿಂತ ಯೋಗ್ಯರು ಸಿಗುವುದಿಲ್ಲ. ದಯವಿಟ್ಟು ಈ ಕೆಲಸ ಮುಂದೂಡಬೇಡಿ. ಒಂದು ಸೀಮೆಯ ಹಾಡುಗಳು ಒಂದು ಸಿ.ಡಿ.ಯೊಳಗೆ ಸಿಕ್ಕಿಕೊಂಡಿರುವುದನ್ನು ಕೇಳಿದರೆ ನನಗೆ ನಿದ್ದೆ ಬರುವುದಿಲ್ಲ.

ಪ್ರಶ್ನೆ: ಪರಿಚಯದವರ ನಂಬರಿನಿಂದಲೇ ನಮ್ಮ ಯಜಮಾನರ ವಾಟ್ಸ್ಆ್ಯಪ್‌ಗೆ ಲಗ್ನಪತ್ರಿಕೆ ಬಂತು. ಒತ್ತಿದರೆ ಏನೋ ‘ಇನ್‌ಸ್ಟಾಲ್’ ಎಂದು ಕೇಳಿತಂತೆ, ಇವರು ‘ಆಗಲಿ’ ಎಂದು ಒತ್ತಿದ್ದಾರೆ. ಪತ್ರಿಕೆ ಕಾಣಲಿಲ್ಲ. ಈಗ ಇವರ ನಂಬರಿನಿಂದ ಎಲ್ಲರಿಗೂ ಅದೇ ಹೋಗುತ್ತಿದೆ. ಏನು ಮಾಡಲಿ? — ಹಾಸನ

ಅಮ್ಮ, ಇದನ್ನು ಓದುವ ಹೊತ್ತಿಗೆ ನೀವು ಏನಾದರೂ ಮಾಡಿರುತ್ತೀರಿ ಎಂದುಕೊಂಡಿದ್ದೇನೆ. ಉಳಿದವರಿಗೂ ಬೇಕಾದದ್ದರಿಂದ ಮೊದಲಿನಿಂದ ಹೇಳುತ್ತೇನೆ.

ಲಗ್ನಪತ್ರಿಕೆ ಎಂದರೆ ಫೋಟೊ, ಪಿಡಿಎಫ್ ಅಥವಾ ವಿಡಿಯೊ. ಅದನ್ನು ನೋಡಲು ಏನನ್ನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಕಡತದ ಹೆಸರಿನ ಕೊನೆಯಲ್ಲಿ ‘ಎಪಿಕೆ’ ಎಂದಿದ್ದರೆ ಅದು ಆ್ಯಪ್. ಪೊಲೀಸ್ ದಂಡದ ಚಲನ್, ಬ್ಯಾಂಕ್ ಕೆವೈಸಿ, ವಿದ್ಯುತ್ ಬಿಲ್ ಬಾಕಿ ಎಂದು ಬರುವವೂ ಇದೇ ಜಾತಿಯವು. ಒಳಗೆ ಸೇರಿದ ಮೇಲೆ ಅದು ನಿಮ್ಮ ಎಸ್‌ಎಂಎಸ್ ಓದಲು ಅನುಮತಿ ಪಡೆದು ಒಟಿಪಿ ಕದಿಯುತ್ತದೆ. ಕಳಿಸಿದ ಪರಿಚಯದವರನ್ನು ಬೈಯಬೇಡಿ, ಅವರ ಫೋನೂ ಹೀಗೇ ಸಿಕ್ಕಿಬಿದ್ದಿರುತ್ತದೆ.

ಮೊದಲು ಫೋನನ್ನು ಏರ್‌ಪ್ಲೇನ್ ಮೋಡ್‌ಗೆ ಹಾಕಿ, ವೈಫೈ ಆರಿದೆಯೇ ನೋಡಿ. ನಿಮ್ಮ ಅಥವಾ ಮಕ್ಕಳ ಫೋನಿನಿಂದ ಬ್ಯಾಂಕಿಗೆ ಕರೆ ಮಾಡಿ ಯುಪಿಐ, ನೆಟ್‌ಬ್ಯಾಂಕಿಂಗ್, ಕಾರ್ಡು ತಡೆಹಿಡಿಸಿ. ಬ್ಯಾಂಕಿನ ನಂಬರನ್ನು ಪಾಸ್‌ಬುಕ್ಕಿನಿಂದಲೋ ಕಾರ್ಡಿನ ಹಿಂಬದಿಯಿಂದಲೋ ತೆಗೆದುಕೊಳ್ಳಿ, ಗೂಗಲಿನಲ್ಲಿ ಹುಡುಕಬೇಡಿ. ಅಲ್ಲಿ ಕಳ್ಳರೇ ಹಾಕಿದ ‘ಕಸ್ಟಮರ್ ಕೇರ್’ ನಂಬರುಗಳಿರುತ್ತವೆ. ಹಣ ಹೋಗಿದ್ದರೆ ಆ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹಣ ಕಳ್ಳರ ಖಾತೆಯಿಂದ ಮುಂದೆ ದಾಟುವ ಮೊದಲು ದೂರು ದಾಖಲಾದರೆ ಅದನ್ನು ಅಲ್ಲೇ ತಡೆಹಿಡಿಯಲು ಅವಕಾಶವಿದೆ. ರಿಸರ್ವ್ ಬ್ಯಾಂಕಿನ 2017ರ ಸೂಚನೆಯಂತೆ, ಗ್ರಾಹಕರ ಅಜಾಗರೂಕತೆಯಿಂದ ಹಣ ಹೋಗಿದ್ದರೂ ನೀವು ಬ್ಯಾಂಕಿಗೆ ತಿಳಿಸಿದ ಮೇಲೆ ಆಗುವ ನಷ್ಟ ಬ್ಯಾಂಕಿನದು. ಹಾಗಾಗಿ ಸಂಜೆ ಮಗ ಬಂದ ಮೇಲೆ ನೋಡೋಣ ಎಂದು ಕಾಯುವುದು ಬೇಡ.

ಇಷ್ಟಾದ ಮೇಲೆ ಸೆಟ್ಟಿಂಗ್ಸ್‌ನಲ್ಲಿ ‘ಆ್ಯಪ್ಸ್’ ತೆರೆದು ಇಡೀ ಪಟ್ಟಿ ನೋಡಿ. ಇಂಥವು ಮುಖಪುಟದಲ್ಲಿ ಚಿಹ್ನೆ ತೋರಿಸದೆ ಅಡಗಿರುತ್ತವೆ. ‘ಅನ್‌ಇನ್‌ಸ್ಟಾಲ್’ ಒತ್ತಲು ಬಾರದಿದ್ದರೆ ಸೆಟ್ಟಿಂಗ್ಸ್‌ನ ಹುಡುಕುವ ಜಾಗದಲ್ಲಿ ‘ಡಿವೈಸ್ ಅಡ್ಮಿನ್’ ಮತ್ತು ‘ಆ್ಯಕ್ಸೆಸಿಬಿಲಿಟಿ’ ಹುಡುಕಿ, ಅಲ್ಲಿ ಅದಕ್ಕೆ ಕೊಟ್ಟ ಅನುಮತಿ ಕಿತ್ತುಹಾಕಿ, ಮತ್ತೆ ಪ್ರಯತ್ನಿಸಿ. ಆ್ಯಪ್ ತೆಗೆದ ಮೇಲೆ ಏರ್‌ಪ್ಲೇನ್ ಮೋಡ್ ಬಿಡಿಸಿ *#21# ಡಯಲ್ ಮಾಡಿದರೆ ನಿಮ್ಮ ಕರೆಗಳು ಬೇರೆ ನಂಬರಿಗೆ ಹೋಗುತ್ತಿವೆಯೇ ತಿಳಿಯುತ್ತದೆ. ಹೋಗುತ್ತಿದ್ದರೆ ##002# ಅದನ್ನು ರದ್ದು ಮಾಡುತ್ತದೆ. ವಾಟ್ಸ್ಆ್ಯಪ್‌ನ ‘ಲಿಂಕ್ಡ್ ಡಿವೈಸಸ್’ನಲ್ಲಿ ಗೊತ್ತಿಲ್ಲದ ಯಂತ್ರವಿದ್ದರೆ ಹೊರಹಾಕಿ. ಅನುಮಾನ ಉಳಿದರೆ ಫೋಟೊಗಳನ್ನು ನಕಲು ಮಾಡಿಕೊಂಡು ಫ್ಯಾಕ್ಟರಿ ರೀಸೆಟ್ ಮಾಡಿಸುವುದೇ ಒಳ್ಳೆಯದು. ಪಾಸ್‌ವರ್ಡ್, ಪಿನ್ ಬದಲಿಸುವ ಕೆಲಸ ಶುದ್ಧವಾದ ಫೋನಿನಿಂದ ಆಗಲಿ.

ಯಜಮಾನರನ್ನು ಬೈದು ಕೂರಿಸಬೇಡಿ. ಬೈಗುಳಕ್ಕೆ ಹೆದರಿದವರು ಮುಂದಿನ ಸಲ ಹೇಳದೆ ಮುಚ್ಚಿಡುತ್ತಾರೆ. ಕಳ್ಳರಿಗೆ ಬೇಕಾದದ್ದೂ ಅದೇ.

ಪ್ರಶ್ನೆ: ಜಿಮೇಲ್‌ಗೆ ಪತ್ರ ಬರುವುದೇ ನಿಂತಿದೆ, ‘ಸ್ಟೋರೇಜ್ ಫುಲ್’ ಎನ್ನುತ್ತದೆ. ನಾನು ಇಮೇಲ್ ಬಳಸುವುದೇ ಅಪರೂಪ. ತಿಂಗಳು ತಿಂಗಳು ಹಣ ಕಟ್ಟಲೇಬೇಕೇ? — ಮೈಸೂರು

ಬೇಕಿಲ್ಲ. ಗೂಗಲ್ ಬಿಟ್ಟಿಯಾಗಿ ಕೊಡುವ 15 ಜಿಬಿ ಜಾಗ ಜಿಮೇಲ್, ಡ್ರೈವ್, ಫೋಟೋಸ್ ಮೂರಕ್ಕೂ ಸೇರಿದ್ದು. 2021ರ ಜೂನ್ 1ರಿಂದ ಫೋಟೋಸ್‌ಗೆ ಏರುವ ಚಿತ್ರಗಳೆಲ್ಲ ಈ ಲೆಕ್ಕಕ್ಕೆ ಬರುತ್ತವೆ, ಆ್ಯಂಡ್ರಾಯ್ಡ್ ಫೋನುಗಳ ವಾಟ್ಸ್ಆ್ಯಪ್ ಬ್ಯಾಕಪ್ಪೂ ಈಗ ಇದರಲ್ಲೇ ಸೇರುತ್ತದೆ. ಅಂದರೆ ಪತ್ರಗಳನ್ನು ತಡೆದಿರುವುದು ಬಹುಶಃ ನಿಮಗೆ ಬಂದ ‘ಶುಭೋದಯ’ದ ವಿಡಿಯೊಗಳು.

ವಾಟ್ಸ್ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ‘ಸ್ಟೋರೇಜ್ ಆ್ಯಂಡ್ ಡೇಟಾ’, ಅದರೊಳಗೆ ‘ಮ್ಯಾನೇಜ್ ಸ್ಟೋರೇಜ್’ ತೆರೆಯಿರಿ. ಹೆಚ್ಚು ಸಲ ಫಾರ್ವರ್ಡ್ ಆದವು, 5 ಎಂಬಿಗಿಂತ ದೊಡ್ಡವು ಎಂದು ಅದೇ ಬೇರೆ ಮಾಡಿ ತೋರಿಸುತ್ತದೆ. ಅಳಿಸಿ. ಚಾಟ್ ಬ್ಯಾಕಪ್ಪಿನಲ್ಲಿ ವಿಡಿಯೊ ಸೇರಿಸುವ ಗುಂಡಿಯನ್ನು ಆರಿಸಿ, ಹೊಸದಾಗಿ ಒಮ್ಮೆ ಬ್ಯಾಕಪ್ ಮಾಡಿ. ಜಿಮೇಲ್, ಡ್ರೈವ್, ಫೋಟೋಸ್‌ಗಳ ಕಸದ ಬುಟ್ಟಿ ಖಾಲಿ ಮಾಡುವವರೆಗೂ ಜಾಗ ತೆರವಾಗುವುದಿಲ್ಲ ಎಂಬುದು ನೆನಪಿರಲಿ. ಮತ್ತೊಂದು ಮಾತು, ಇದರಲ್ಲಿ ಬಹಳ ಮಂದಿ ಮೊಮ್ಮಕ್ಕಳ ಫೋಟೊ ಕಳೆದುಕೊಂಡಿದ್ದಾರೆ: ಗೂಗಲ್ ಫೋಟೋಸ್ ಆ್ಯಪಿನಲ್ಲಿ ‘ಡಿಲೀಟ್’ ಒತ್ತಿದರೆ ಚಿತ್ರ ಫೋನಿನಿಂದಲೂ ಹೋಗುತ್ತದೆ, ಗೂಗಲಿನಿಂದಲೂ ಹೋಗುತ್ತದೆ. ಬ್ಯಾಕಪ್ ಆದ ಚಿತ್ರ ಬುಟ್ಟಿಯಲ್ಲಿ 60 ದಿನ ಇರುತ್ತದೆ, ಆಮೇಲೆ ಇಲ್ಲ. ಬುಟ್ಟಿ ಖಾಲಿ ಮಾಡುವ ಮೊದಲು ಒಮ್ಮೆ ಒಳಗೆ ಇಣುಕಿ.

ಪ್ರಶ್ನೆ: 2016ರಲ್ಲಿ ಕೊಂಡ ಲ್ಯಾಪ್‌ಟಾಪ್. ವಿಂಡೋಸ್ 10 ಮುಗಿಯಿತು, ಹೊಸದು ಕೊಳ್ಳಿ ಎಂದು ಅಂಗಡಿಯವರು ಹೇಳುತ್ತಿದ್ದಾರೆ. — ಉಡುಪಿ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತದ್ದು ನಿಜ. ಮನೆಬಳಕೆಯವರು ನೋಂದಾಯಿಸಿಕೊಂಡರೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್ ಸಿಗುವ ವ್ಯವಸ್ಥೆ ಮಾಡಿದ್ದಾರೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ಪು, ಹೊಸ ಪೀಳಿಗೆಯ ಪ್ರೊಸೆಸರು ಬೇಕು. ನಿಮ್ಮದು ಮೈಕ್ರೋಸಾಫ್ಟ್ ಒಪ್ಪುವ ಪ್ರೊಸೆಸರುಗಳ ಪಟ್ಟಿಯಲ್ಲಿ ಇರುವುದಿಲ್ಲ.

ಆದರೂ ಗುಜರಿಗೆ ಹಾಕಬೇಡಿ. ಹಳೆಯ ಹಾರ್ಡ್ ಡಿಸ್ಕ್ ತೆಗೆಸಿ ಅದಕ್ಕಿಂತ ವೇಗದ ಎಸ್‌ಎಸ್‌ಡಿ ಹಾಕಿಸಿ, ವಿಂಡೋಸ್ ಬದಲು ಉಚಿತವಾಗಿ ಸಿಗುವ ಲಿನಕ್ಸ್ ಮಿಂಟ್ ಹಾಕಿದರೆ ಇಂಟರ್ನೆಟ್, ಪತ್ರ, ವಿಡಿಯೊ ಕರೆಗೆ ಇನ್ನೂ ಕೆಲವು ವರ್ಷ ಚೆನ್ನಾಗಿ ನಡೆಯುತ್ತದೆ. ಇನ್‌ಸ್ಟಾಲ್ ಮಾಡದೆ ಪೆನ್‌ಡ್ರೈವಿನಿಂದಲೇ ನಡೆಸಿ ನೋಡಬಹುದು. ಕನ್ನಡಕ್ಕೆ ‘ಕಗಪ’ (ಕನ್ನಡ ಗಣಕ ಪರಿಷತ್ತಿನ) ಕೀಲಿಮಣೆ ಅದರಲ್ಲಿ ಮೊದಲೇ ಇದೆ. ಟ್ಯಾಲಿ ಲೆಕ್ಕಪತ್ರವೋ ಡಿಜಿಟಲ್ ಸಹಿಯ ಟೋಕನ್ನೋ ಬಳಸುವವರಾದರೆ ಮಾತ್ರ ವಿಂಡೋಸ್ ಬಿಡುವ ಮೊದಲು ನಿಮ್ಮ ಲೆಕ್ಕಿಗರನ್ನು ಕೇಳಿ.

ಪ್ರಶ್ನೆ: ನಮ್ಮ ಬಡಾವಣೆಯಲ್ಲಿ ಹಿರಿಯರೇ ಹೆಚ್ಚು, ಮಕ್ಕಳೆಲ್ಲ ಹೊರಗಿದ್ದಾರೆ. ಇಲ್ಲೂ ಒಂದು ಕಂಪ್ಯೂಟರ್ ಕೂಟ ಕಟ್ಟಬೇಕೆಂದು ನಾವು ಕೆಲವರು ಯೋಚಿಸಿದ್ದೇವೆ. ಎಷ್ಟು ಖರ್ಚು, ಎಲ್ಲಿಂದ ಶುರು? — ದಾವಣಗೆರೆ

ಕಂಪ್ಯೂಟರ್ ಕೊಳ್ಳುವುದರಿಂದ ಶುರು ಮಾಡಬೇಡಿ. ಬರುವವರ ಜೇಬಿನಲ್ಲೇ ಒಂದೊಂದು ಇರುತ್ತದೆ. ನಿಮಗೆ ಬೇಕಾದದ್ದು ಬೆಳಕಿರುವ ಕೋಣೆ, ಪ್ಲಗ್‌ಪಾಯಿಂಟುಗಳು, ವೈಫೈ, ನಿಗದಿಯಾದ ಹೊತ್ತು. ಬಡಾವಣೆಯ ಗ್ರಂಥಾಲಯ, ಸಮುದಾಯ ಭವನ, ರಜೆಯ ದಿನ ಶಾಲೆಯ ಕೋಣೆ ಕೇಳಿ ನೋಡಿ. ಹಳ್ಳಿಗಳಲ್ಲಾದರೆ ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳನ್ನು ಈಗ ‘ಅರಿವು ಕೇಂದ್ರ’ ಎಂದು ಕರೆಯುತ್ತಾರೆ, ಹಲವು ಕಡೆ ಕಂಪ್ಯೂಟರುಗಳೂ ಇವೆ. ಬೆಂಗಳೂರಿನ ಗುರಪ್ಪನಪಾಳ್ಯದ ಕೊಳೆಗೇರಿಯಲ್ಲಿ ಅಂಬೇಡ್ಕರ್ ಸಮುದಾಯ ಕಂಪ್ಯೂಟರ್ ಕೇಂದ್ರ ನಡೆದದ್ದು ದಾನವಾಗಿ ಬಂದ ಯಂತ್ರಗಳು, ಯಾರು ಬೇಕಾದರೂ ಬಳಸಿ ಹಂಚಬಹುದಾದ ಸ್ವತಂತ್ರ ತಂತ್ರಾಂಶ ಮತ್ತು ಬಿಡುವಿನ ದಿನ ಬಂದು ಕಲಿಸಿದ ಸ್ವಯಂಸೇವಕರಿಂದ. ದುಡ್ಡಿನ ಮಾತು ಅಲ್ಲೂ ಮೊದಲು ಬರಲಿಲ್ಲ.

ಒಂದು ಡಬ್ಬದಲ್ಲಿ ಟೈಪ್-ಸಿ ಮತ್ತು ಹಳೆಯ ಮೈಕ್ರೊ ಯುಎಸ್‌ಬಿ ಕೇಬಲ್ಲು, ಮೆಮೊರಿ ಕಾರ್ಡ್ ರೀಡರ್, ಪೆನ್‌ಡ್ರೈವ್, ಒಂದು ಮೌಸ್, ಸಿಮ್ ತೆಗೆಯುವ ಪಿನ್ನು ಇರಲಿ. ಜೊತೆಗೆ ಒಂದು ನೋಟ್‌ಬುಕ್. ಬಂದ ತೊಂದರೆ, ಬಿಡಿಸಿದ ಬಗೆ ಎರಡನ್ನೂ ಕನ್ನಡದಲ್ಲಿ ಬರೆದಿಡಿ. ಕೆಲವು ತಿಂಗಳಲ್ಲಿ ಆ ಪುಸ್ತಕವೇ ಅರ್ಧ ಪ್ರಶ್ನೆಗಳಿಗೆ ಉತ್ತರ ಹೇಳುತ್ತದೆ. ಬರೆಯಬಾರದ್ದು ಒಂದಿದೆ: ಯಾರ ಪಿನ್ನು, ಪಾಸ್‌ವರ್ಡು, ಆಧಾರ್ ಸಂಖ್ಯೆಯೂ ಅದರಲ್ಲಿ ಬರಕೂಡದು. ಒಟಿಪಿ ಬಂದಾಗ ಅವರೇ ಟೈಪ್ ಮಾಡಲಿ, ಗಟ್ಟಿಯಾಗಿ ಓದಿ ಹೇಳಿದರೆ ಅಲ್ಲೇ ತಡೆಯಿರಿ. ಕೋಣೆಯ ಕಂಪ್ಯೂಟರಿನಲ್ಲಿ ಯಾರೂ ಬ್ಯಾಂಕ್ ಖಾತೆ ತೆರೆಯಬಾರದು. ಸಹಾಯ ಮಾಡುವವರು ಏನನ್ನೂ ಮಾರಬಾರದು, ಇನ್ಶೂರೆನ್ಸನ್ನೂ ಸಹ.

ಹಿರಿಯರಿಗೆ ಕಲಿಸುವಾಗ ಅವರ ಬೆರಳು ಗಮನಿಸಿ. ನಮ್ಮಲ್ಲಿಗೆ ಬರುವ ಅಜ್ಜಿಯೊಬ್ಬರು ಮಗನಿಗೆ ವಿಡಿಯೊ ಕರೆ ಮಾಡಲು ಹೋದಾಗಲೆಲ್ಲ ಬೇರೇನೋ ಪಟ್ಟಿ ತೆರೆದುಕೊಳ್ಳುತ್ತಿತ್ತು. ಮರೆವು ಎಂದು ಮನೆಯವರು ತೀರ್ಮಾನಿಸಿದ್ದರು. ನೋಡಿದರೆ ಅವರು ಹಳೆಯ ಗುಂಡಿ ಫೋನಿನಲ್ಲಿ ಒತ್ತುವ ರೂಢಿಯಲ್ಲೇ ಪರದೆಯನ್ನು ಗಟ್ಟಿಯಾಗಿ ಒತ್ತಿ ಹಿಡಿಯುತ್ತಿದ್ದರು. ಒತ್ತಿ ಹಿಡಿದರೆ ಫೋನಿಗೆ ಅದು ಬೇರೆಯೇ ಆಜ್ಞೆ. ‘ಆ್ಯಕ್ಸೆಸಿಬಿಲಿಟಿ’ಯಲ್ಲಿ ‘ಟಚ್ ಆ್ಯಂಡ್ ಹೋಲ್ಡ್’ ಅವಧಿಯನ್ನು ‘ಲಾಂಗ್’ ಮಾಡಿ, ಅಕ್ಷರ ದೊಡ್ಡದು ಮಾಡುವ ಬಗೆ ಹೇಳಿಕೊಟ್ಟೆವು. ಗುಂಡಿಗಳನ್ನು ಒತ್ತಿದ್ದು ಅವರೇ. ಈಗ ಅವರು ಪಕ್ಕದ ಕುರ್ಚಿಯವರಿಗೆ ಹೇಳಿಕೊಡುತ್ತಾರೆ.

ಮೊದಲ ದಿನಕ್ಕೆ ಒಂದೇ ವಿಷಯ ಇಟ್ಟುಕೊಳ್ಳಿ. ವಾಟ್ಸ್ಆ್ಯಪ್‌ಗೆ ‘ಟು-ಸ್ಟೆಪ್ ವೆರಿಫಿಕೇಶನ್’, ಅಂದರೆ ಖಾತೆಗೆ ತಮ್ಮದೇ ಒಂದು ಆರಂಕಿಯ ಪಿನ್, ಹಾಕಿಕೊಳ್ಳುವುದು ಒಳ್ಳೆಯ ಆರಂಭ. ಎಲ್ಲರಿಗೂ ಬೇಕಾದದ್ದು, ಐದು ನಿಮಿಷದ ಕೆಲಸ. ಆದರೆ ಆ ಪಿನ್ ಏನಿಡಬೇಕು ಎಂದು ಅವರು ನಿಮ್ಮನ್ನೇ ಕೇಳುತ್ತಾರೆ. ನೀವು ಹೇಳಬೇಡಿ.